ಏಳನೇ ತಾರೀಖಿಗೆ ಇನ್ನೆರಡು ದಿನ

ಅಂದು ಶುಕ್ರವಾರ, ಇಳಿಹೊತ್ತು ನಾಲ್ಕೂವರೆ. ಅಡುಗೆಮನೆಯಲ್ಲಿ ನಾವು ಮೂವರಿದ್ದೆವು. ನಮ್ಮತ್ತೆ ಗೋಡೆಗೆ ಬೆನ್ನು ಕೊಟ್ಟು, ನೋಯುವ ಎಡಗಾಲನ್ನು ಮುಂದಕ್ಕೆ ಚಾಚಿ, ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದರು. ನಾನು ಒಲೆಯ ಮುಂದಿದ್ದೆ. ಎರಡನೇ ಇಯತ್ತೆಯ ನನ್ನ ಮಗಳು ಶಾಲೆಯಿಂದ ಬಂದವಳೇ, ಪಾಟಿಚೀಲವನ್ನೂ ಇಳಿಸದೆ, ಹೊಸ್ತಿಲ ಮೇಲೆ ಕುಳಿತು ಎರಡೂ ಕೈಗಳನ್ನು ಮೊಣಕಾಲಿಗೆ ಊರಿ ನೆಲ ನೋಡುತ್ತಿದ್ದಳು. ಆಡಲು ಹೋಗಲಿಲ್ಲ. ತಿನ್ನಲು ಏನೈತಿ ಎಂದು ಕೇಳಲಿಲ್ಲ.

ಶುಕ್ರವಾರ ಸಂಜೆಯ ಹೊತ್ತಿಗೆ ಹೊಸ್ತಿಲ ಮೇಲೆ ಕೂತರೆ ನಮ್ಮತ್ತೆ ಬಿಡುವವರಲ್ಲ. ಲಕ್ಷ್ಮಿ ಬರುವ ದಾರಿ ಅದು, ಏಳು ಎಂದು ಎಬ್ಬಿಸಿಯೇ ತೀರುತ್ತಾರೆ. ಅಂದು ಏನೂ ಅನ್ನಲಿಲ್ಲ. ಸೊಪ್ಪಿನ ಕಟ್ಟು ಕೆಳಗಿಟ್ಟು ಮೊಮ್ಮಗಳ ಬೆನ್ನನ್ನೇ ನೋಡುತ್ತಿದ್ದರು. ಅವರು ಸುಮ್ಮನಾದದ್ದನ್ನು ಕಂಡು ನನಗೆ ಹೆದರಿಕೆಯಾಯಿತು.

ನನ್ನ ಮಗಳಿಗೆ ಮೂರು ವರ್ಷದವಳಿದ್ದಾಗಿನಿಂದ ದಮ್ಮು ಇದೆ. ಚಳಿಗಾಲದಲ್ಲಿ, ಧೂಳಿನಲ್ಲಿ ಬರುತ್ತದೆ. ಅದು ಡಿಸೆಂಬರಿನ ಮೊದಲ ವಾರ. ಮಿಶ್ರಿಕೋಟಿಯ ಬಾಜೂಕಿನ ನಮ್ಮ ಊರಲ್ಲಿ ಮನೆಮನೆಯ ಮುಂದೆ ಗೋವಿನಜೋಳದ ರಾಶಿ. ಮೂರು ದಿನದಿಂದ ನಮ್ಮ ಓಣಿಯ ಬಾಯಲ್ಲೇ ಒಕ್ಕುವ ಮಷೀನು ನಿಂತು, ಹೊಟ್ಟಿನ ಧೂಳು ಒಣಹಾಕಿದ ಬಟ್ಟೆಯ ಮೇಲೂ ಕೂತಿತ್ತು. ದೇವರ ಮಾಡದಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಅವಳ ಪಂಪು ಇಡುತ್ತೇವೆ. ಬಾಯಿಗೆ ಹಿಡಿದು ಒತ್ತಿದರೆ ಔಷಧ ಒಳಗೆ ಹೋಗುವ ನೀಲಿ ಪಂಪು. ಅದರ ಬೆನ್ನಿಗೆ ಒಂದು ಸಣ್ಣ ಕಿಂಡಿ ಇದೆ, ಒಳಗೆ ಇನ್ನು ಎಷ್ಟು ಸಲದ ಔಷಧ ಉಳಿದಿದೆ ಎಂಬ ಅಂಕಿ ಕಾಣುತ್ತದೆ. ಸೋಮವಾರ ಇಪ್ಪತ್ತನಾಲ್ಕು ಇತ್ತು. ದಿನಕ್ಕೆ ಎರಡರಂತೆ ಹಿಡಿದರೂ ಏಳನೇ ತಾರೀಖು ದಾಟುತ್ತೇವೆ ಅಂದುಕೊಂಡಿದ್ದೆ. ಮಷೀನು ಬರುವುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ನಾನು ಪಂಪು ತೆಗೆದು ಅವಳಿಗೆ ಎರಡು ಸಲ ಹಿಡಿಸಿದೆ. ಕಿಂಡಿಯಲ್ಲಿ ಆರು ಎಂದು ಬಂತು.

ದಮ್ಮು ಜೋರಾದರೆ ಒಂದು ಹೊತ್ತಿಗೆ ನಾಲ್ಕು ಸಲ ಒತ್ತಬೇಕು ಎಂದು ಡಾಕ್ಟರು ಹೇಳಿದ್ದಾರೆ. ಆರು ಅಂದರೆ ಒಂದೂವರೆ ಹೊತ್ತಿಗೆ. ನಮ್ಮೂರಿಗೆ ಸಂಜೆ ಆರರ ಬಸ್ಸಿನ ನಂತರ ತಾಲೂಕಿಗೆ ಹೋಗುವ ಬಸ್ಸಿಲ್ಲ. ದವಾಖಾನೆಗೆ ಒಯ್ದರೆ ಉಗಿ ಹಿಡಿಸುತ್ತಾರೆ, ಚೀಟಿ ಬರೆದು ಕೊಡುತ್ತಾರೆ. ಚೀಟಿಯಲ್ಲಿದ್ದದ್ದನ್ನು ಔಷಧದ ಅಂಗಡಿಯಲ್ಲಿ ನಾವೇ ಕೊಳ್ಳಬೇಕು. ಉಗಿ ಆ ಹೊತ್ತಿನದು. ಊರಿಗೆ ತಿರುಗಿ ಬಂದ ಮೇಲಿನ ರಾತ್ರಿಗೆ ಪಂಪೇ ಗತಿ. ಪಂಪು, ಅದರ ಜೊತೆಗಿನ ಗುಳಿಗೆ ಎರಡೂ ಸೇರಿ ಮುನ್ನೂರಾ ತೊಂಬತ್ತು ರೂಪಾಯಿ. ನನ್ನ ಸೆರಗಿನ ಗಂಟಿನಲ್ಲಿ ಎಪ್ಪತ್ತಿತ್ತು.

ನನ್ನ ಗಂಡ ಹುಬ್ಬಳ್ಳಿಯಲ್ಲಿ ಒಂದು ಗೋದಾಮಿನ ಟೆಂಪೋ ಹೊಡೆಯುತ್ತಾರೆ. ವಾರವೆಲ್ಲ ಅಲ್ಲೇ, ಭಾನುವಾರ ಊರಿಗೆ. ಪಗಾರ ತಿಂಗಳ ಏಳಕ್ಕೆ. ಆ ತಿಂಗಳು ಏಳು ಭಾನುವಾರವೇ ಬಿದ್ದಿತ್ತು. ಮಾಲಕರು ಶನಿವಾರ ಹಾಕುತ್ತಾರೋ ಸೋಮವಾರಕ್ಕೆ ನೂಕುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ನನ್ನ ಗಂಡ ಹಿಂದಿನ ತಿಂಗಳೇ ತೆಗೆದುಕೊಂಡ ಮುಂಗಡವೂ ಆಗಲೇ ಖರ್ಚಾಗಿತ್ತು. ಬ್ಯಾಂಕಿನ ಖಾತೆಯಲ್ಲಿದ್ದದ್ದು ನಾಲ್ವತ್ತಮೂರು ರೂಪಾಯಿ.

ನಮ್ಮ ಓಣಿಯಲ್ಲಿ ತಿಂಗಳು ಎಲ್ಲಿಗೆ ಬಂತು ಎಂದು ತಿಳಿಯಲು ಕ್ಯಾಲೆಂಡರು ಬೇಡ. ಪಗಾರದ ಮರುವಾರ ಒಗ್ಗರಣೆಯ ಚಟಪಟ ಬೀದಿಗೆ ಕೇಳುತ್ತದೆ. ಆಮೇಲೆ ಆ ಸಪ್ಪಳ ಸಣ್ಣದಾಗುತ್ತ ಹೋಗುತ್ತದೆ. ಅರ್ಧ ಲೀಟರು ಹಾಲು ಹಾಕಿಸಿಕೊಳ್ಳುತ್ತಿದ್ದವರು ಪಾವು ಲೀಟರಿಗೆ ಇಳಿಯುತ್ತಾರೆ, ಗ್ಯಾಸಿನ ಒಲೆ ಇದ್ದ ಮನೆಗಳ ಹಿತ್ತಲಲ್ಲಿ ಹತ್ತಿಕಟ್ಟಿಗೆಯ ಹೊಗೆ ಏಳುತ್ತದೆ, ಫೋನುಗಳಿಗೆ ಕರೆ ಬರುತ್ತದೆಯೇ ಹೊರತು ನಾವು ಹಚ್ಚಿದರೆ ಹೋಗುವುದಿಲ್ಲ. ಹಾಗೆಂದು ಯಾರೂ ಉಪವಾಸ ಮಲಗುವುದಿಲ್ಲ. ಜೋಳ ಇರುತ್ತದೆ, ಬೇಳೆ ಇರುತ್ತದೆ. ಆ ನಾಲ್ಕು ದಿನ ಮನೆಯಲ್ಲಿ ಯಾರಿಗೂ ಏನೂ ಆಗದಿದ್ದರೆ ಸಾಕು ಎಂದು ಮೈಯೆಲ್ಲ ಕಿವಿಯಾಗಿ ಇರುತ್ತೇವೆ. ನನ್ನ ತವರಿನ ಅಜ್ಜಿ ಅನ್ನುತ್ತಿದ್ದಳು: ರೊಕ್ಕ ಇದ್ದಾಗ ಬಾಯಿ ದೊಡ್ಡದು, ರೊಕ್ಕ ತೀರಿದಾಗ ಕಿವಿ ದೊಡ್ಡದು. ಸಣ್ಣವಳಿದ್ದಾಗ ಅದು ನಗುವ ಮಾತಾಗಿತ್ತು.

ಆದರೆ ನಮ್ಮ ಮನೆಯಲ್ಲಿ ಒಂದು ನೋಟು ಇತ್ತು.

ಪಗಾರ ಬಂದ ದಿನವೇ ಐದುನೂರರ ಒಂದು ನೋಟನ್ನು ಅತ್ತೆಯ ಕೈಗೆ ಕೊಡುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಅದು ದವಾಖಾನೆಯ ನೋಟು, ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ಅದನ್ನು ಅವರು ಪೆಟ್ಟಿಗೆಯಲ್ಲಿ ಇಡುವುದಿಲ್ಲ, ಕಾಳಿನಲ್ಲಿ ಹುಗಿಯುತ್ತಾರೆ. “ಕಿಸೇದಾಗಿನ ರೊಕ್ಕ ಬಿಸಿ ಇರತೈತಿ, ಕೈ ಸುಡತೈತಿ, ಹಾರಿ ಹೊಕ್ಕೈತಿ. ಕಾಳಿನ್ಯಾಗ ಇಟ್ಟ ರೊಕ್ಕ ತಣ್ಣಗ ಕುಂತಿರತೈತಿ” ಎಂದು ಅವರ ಅತ್ತೆ ಅವರಿಗೆ ಹೇಳಿದ್ದರಂತೆ. ಯಾವ ಕಾಳು, ಯಾವ ಡಬ್ಬಿ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ.

ಹಿಂದಿನ ತಿಂಗಳು ಅದು ತೊಗರಿಬೇಳೆಯ ಡಬ್ಬಿಯಲ್ಲಿ ನನ್ನ ಸೌಟಿಗೆ ಸಿಕ್ಕಿತ್ತು. ಗ್ಯಾಸಿನವನು ಬಾಗಿಲಲ್ಲಿ ನಿಂತಿದ್ದ. ಕೊಟ್ಟುಬಿಟ್ಟೆ. ಪಗಾರ ಬಂದ ದಿನ ಬೇರೆ ನೋಟನ್ನು ಅಲ್ಲಿಯೇ ಇಟ್ಟೆ. ಯಾರಿಗೂ ತಿಳಿಯಲಿಲ್ಲ ಅಂದುಕೊಂಡೆ. ಮರುದಿನ ಅತ್ತೆ ಬೇಳೆ ಕೇರುತ್ತ, ನನ್ನ ಕಡೆ ನೋಡದೆಯೇ ಅಂದರು: “ನಾ ಇಟ್ಟ ನೋಟಿನ ಮ್ಯಾಲ ಅರಿಷಿಣದ ಕಲೆ ಇತ್ತು.” ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಆವತ್ತಿನಿಂದ ನೋಟಿನ ಜಾಗ ಬದಲಾಯಿತು. ಎಲ್ಲಿಗೆ ಎಂದು ಕೇಳುವ ಮುಖ ನನಗಿರಲಿಲ್ಲ.

ಈಗ ಕೇಳಿದೆ.

“ಅತ್ತೀ, ಆ ನೋಟ ತಗೀರಿ. ಆರರ ಬಸ್ಸಿಗೆ ಹೋಗಿ ಪಂಪ ತರ್ತೀನಿ.”

ಅವರು ಗೋಡೆ ಹಿಡಿದು ಎದ್ದು, ಅಡುಗೆಮನೆಯ ಮೂಲೆಗೆ ಹೋದರು. ಬಗ್ಗಿ ನೋಡಿದರು. ಅಲ್ಲಿ ನೆಲದ ಮೇಲೆ ಒಂದು ದುಂಡನೆಯ ಗುರುತು ಮಾತ್ರ ಇತ್ತು.

“ಇಲ್ಲಿದ್ದ ಡಬ್ಬಿ ಎಲ್ಲೈತಿ?”

“ಯಾವ ಡಬ್ಬಿ?”

“ಹಸನ ಮಾಡಿದ ಜೋಳದ ಡಬ್ಬಿ ಬೇ!”

“ಮುಂಜಾನೆ ಗಿರಣ್ಯಾಗ ಇಟ್ಟ ಬಂದೇನಲ್ರಿ.”

“ಹಿಟ್ಟ ಇನ್ನೂ ಎರಡ ದಿನಕ್ಕ ಇತ್ತಲ್ಲ!”

“ಇತ್ರಿ. ನಾಳೆ ದಿನಾಪೂರ್ತಿ ಕರೆಂಟ ಇರಂಗಿಲ್ಲ ಅಂದ್ರು, ಅದಕ್ಕ…”

ಅತ್ತೆ ತಮ್ಮ ಬಾಯಿಯನ್ನು ತಮ್ಮ ಅಂಗೈಯಿಂದಲೇ ಮುಚ್ಚಿಕೊಂಡರು. ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ನಮ್ಮೂರಿನ ಗಿರಣಿ ಬಸ್‌ನಿಲ್ದಾಣದ ಹತ್ತಿರ, ಊರಿನ ಆ ತುದಿಗೆ. ಗಿರಣಿಗೆ ಬೇಕಾದ ಕರೆಂಟು ದಿನವಿಡೀ ಇರುವುದಿಲ್ಲ. ಮುಂಜಾನೆ ಹೋಗಿ ನಮ್ಮ ನಮ್ಮ ಡಬ್ಬಿಗಳನ್ನು ಸಾಲಾಗಿ ಇಟ್ಟು ಬರುತ್ತೇವೆ. ಕರೆಂಟು ಬಂದಾಗ ಗಿರಣಿ ಕಾಕಾ ಸಾಲಿನ ಪ್ರಕಾರ ಬೀಸುತ್ತಾರೆ. ಸಂಜೆ ಹಿಟ್ಟು ತರುತ್ತೇವೆ. ನನ್ನದು ಅಂದು ಒಂಬತ್ತನೆಯದಾಗಿತ್ತು. ಅಂಗಳಕ್ಕೆ ಬಂದೆ. ಗಿರಣಿಯ ಸದ್ದು ಕೇಳುತ್ತಿತ್ತು. ಅದು ಆಗಲೇ ಶುರುವಾದದ್ದಲ್ಲ, ಮೂರು ಗಂಟೆಯಿಂದ ನಡೆದೇ ಇತ್ತು. ನಾನು ಕೇಳಿಸಿಕೊಂಡದ್ದು ಆಗ.

ಓಡಿದೆ. ನಳದ ಕಟ್ಟೆಯ ಹತ್ತಿರ ಪಕ್ಕದ ಮನೆಯ ಚಾಚಿ ಕೊಡ ತುಂಬುತ್ತ ನಿಂತಿದ್ದರು. ಅವರ ಗಂಡ ದರ್ಜಿ. ನಮ್ಮ ಎರಡೂ ಮನೆಗಳ ನಡುವೆ ಒಂದೇ ಗೋಡೆ.

“ಯಾಕ ಬೇಟಿ, ಸೆರಗಿಗೆ ಬೆಂಕಿ ಹತ್ತಿದಂಗ ಓಡಾಕ್ಹತ್ತೀ?”

“ಚಾಚಿ, ನಮ್ಮನಿಗೆ ಹೋಗ್ರಿ. ಹುಡಿಗಿಗೆ ದಮ್ಮ ಬಂದೈತಿ. ಅತ್ತೀಗೆ ಪಂಪ ಹಿಡಸಾಕ ಬರಂಗಿಲ್ಲ.”

ಕೊಡ ಅಲ್ಲೇ ಬಿಟ್ಟು ಚಾಚಿ ಹೊರಟರು. ನೀರು ಕೊಡ ತುಂಬಿ ಹರಿಯುತ್ತಿದ್ದದ್ದು ನನ್ನ ಕಣ್ಣಿಗೆ ಬಿತ್ತು, ನಿಲ್ಲಿಸಲು ತಿರುಗಲಿಲ್ಲ.

ಗಿರಣಿಯ ಸದ್ದಿಗೆ ಎರಡು ದನಿ. ಬಾಯಿಗೆ ಕಾಳು ಬೀಳುತ್ತಿರುವಾಗ ದಪ್ಪ ದನಿ. ಒಬ್ಬರ ಕಾಳು ತೀರಿ ಇನ್ನೊಬ್ಬರದು ಸುರಿಯುವ ನಡುವೆ, ಬರಿದೆ ಕಲ್ಲು ತಿರುಗುವ ತೆಳು ದನಿ, ಕಿವಿಗೆ ಕೊರೆಯುವಂಥದು. ಹನುಮಪ್ಪನ ಗುಡಿ ದಾಟುವಾಗ ಒಮ್ಮೆ ತೆಳುವಾಗಿ ಮತ್ತೆ ದಪ್ಪವಾಯಿತು. ಯಾರದೋ ಒಂದು ಡಬ್ಬಿ ಮುಗಿದು ಇನ್ನೊಂದು ಬಿತ್ತು. ಪಂಚಾಯ್ತಿ ಕಟ್ಟೆ ದಾಟುವಾಗ ಮತ್ತೆ ತೆಳು, ಮತ್ತೆ ದಪ್ಪ. ಏಳನೆಯದೋ, ಎಂಟನೆಯದೋ? ತೆಳು ದನಿ ಬಂದಾಗಲೆಲ್ಲ ಮುಂದಿನದು ನನ್ನದಾಗದಿರಲಿ ಎಂದು ದೇವರನ್ನು ನೆನೆಯುತ್ತ, ಒಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು, ರಸ್ತೆಗೆ ಹರಡಿದ್ದ ಗೋವಿನಜೋಳವನ್ನು ತುಳಿದುಕೊಂಡೇ ಓಡಿದೆ. “ಏಯ್, ಕಾಳ ತುಳೀಬ್ಯಾಡ್ರಿ!” ಎಂದು ಯಾರೋ ಒದರಿದರು.

ಸಾಲಿನಲ್ಲಿ ನನ್ನ ಡಬ್ಬಿ ಇರಲಿಲ್ಲ. ಹಿಡಿಕೆಗೆ ಕೆಂಪು ರಿಬ್ಬನ್ನು ಕಟ್ಟಿದ ಡಬ್ಬಿ, ದೂರದಿಂದಲೇ ಗುರುತು ಸಿಗುತ್ತದೆ. ಅದು ಹಿಟ್ಟು ಬೀಳುವ ಬಟ್ಟೆಯ ಸೊಂಡಿಲಿನ ಕೆಳಗಿತ್ತು. ಮುಕ್ಕಾಲು ತುಂಬಿತ್ತು.

ನಾನು ಬುದ್ಧಿಯಿಂದ ಏನೂ ಮಾಡಲಿಲ್ಲ. ಮೊಣಕೈತನಕ ಹಿಟ್ಟಿನೊಳಗೆ ಕೈ ಹಾಕಿ ಕೆದಕಿದೆ. ಆಗಷ್ಟೇ ಬಿದ್ದ ಹಿಟ್ಟು ಸುಡುತ್ತಿತ್ತು.

“ಏ ತಂಗೀ! ಕೈ ತಗೀ! ಹುಚ್ಚಗಿಚ್ಚ ಹಿಡದೈತೇನ?” ಗಿರಣಿ ಕಾಕಾ ಸ್ವಿಚ್ಚು ಎಳೆದರು. ಬೆಲ್ಟು ಪಟಪಟ ಬಡಿದುಕೊಂಡು ನಿಂತಿತು. ಅಷ್ಟು ಹೊತ್ತಿನ ಸದ್ದಿನ ಮೇಲೆ ಆ ಮೌನಕ್ಕೆ ಕಿವಿ ಗುಂಯ್ ಎಂದಿತು. ಕಾಕಾನ ರೆಪ್ಪೆ, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟು ಹಿಡಿದು ಬಿಳಿ. ಅದರೊಳಗಿಂದ ಎರಡು ಕೆಂಪು ಕಣ್ಣು ನನ್ನನ್ನು ನೋಡಿದವು.

“ಕಾಕಾ, ನಮ್ಮ ಜೋಳದಾಗ ಒಂದ ನೋಟ ಇತ್ತು. ಸಿಕ್ಕೈತೇನ್ರಿ?”

ಕಾಕಾ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. “ಯಾವ ನೋಟು?”

“ಐದನೂರರದು.”

“ಯಾತರಾಗ ಸುತ್ತಿತ್ತು?”

ನಾನು ಡಬ್ಬಿಯಿಂದ ಕೈ ತೆಗೆದೆ.

ಇದು ನಮ್ಮೂರ ಗಿರಣಿಯ ಕಟ್ಟಳೆ. ಕಾಳಿನೊಳಗೆ ಹುಗಿಯುವವರು ನಮ್ಮತ್ತೆ ಒಬ್ಬರೇ ಅಲ್ಲ. ಗಿರಣಿಯ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿರುತ್ತಾರೆ. ಹರಳು, ಮೊಳೆ, ಒಮ್ಮೊಮ್ಮೆ ಮೂಗುಬಟ್ಟು, ನೋಟಿನ ಸುರುಳಿ ಅದರಲ್ಲಿ ಸಿಕ್ಕಿ ನಿಲ್ಲುತ್ತವೆ. ಬಹಳ ಹಿಂದೆ ಒಂದು ಜೊತೆ ಬೆಂಡೋಲೆ ಸಿಕ್ಕಾಗ ಕಾಕಾ ಎಲ್ಲರಿಗೂ ಕೇಳುವಂತೆ ಸಾರಿದರು, “ನಂದು” ಎಂದು ಮೊದಲು ಬಂದವಳಿಗೆ ಕೊಟ್ಟರು. ನಿಜವಾದ ಒಡತಿ ಮರುದಿನ ಬಂದು ಗಿರಣಿಯ ಕಟ್ಟೆಯ ಮೇಲೆ ಮೂರು ದಿನ ಕೂತು ಶಾಪ ಹಾಕಿದಳು. ತಮ್ಮ ಎಮ್ಮೆ ಸತ್ತದ್ದು ಅದೇ ಶಾಪದಿಂದ ಎಂದು ಕಾಕಾ ಇವತ್ತಿಗೂ ನಂಬಿದ್ದಾರೆ. ಅಂದಿನಿಂದ ಏನೇ ಸಿಗಲಿ, ತುಟಿ ಬಿಚ್ಚುವುದಿಲ್ಲ. ಕಳೆದುಕೊಂಡವರೇ ಬಂದು ಏನು, ಯಾತರಲ್ಲಿ, ಎಂಥ ಗಂಟು ಎಂದು ಹೇಳಬೇಕು.

“ಕೆಂಪ ಬಟ್ಟ್ಯಾಗ…” ಅಂದೆ. ಕಾಕಾನ ಮುಖ ಅಲುಗಲಿಲ್ಲ. “ಅಲ್ಲ, ಪ್ಲಾಸ್ಟಿಕ್ಕಿನ್ಯಾಗ…”

“ಬಟ್ಟ್ಯೋ, ಪ್ಲಾಸ್ಟಿಕ್ಕೋ?”

“ನನಗ ಗೊತ್ತಿಲ್ರಿ ಕಾಕಾ. ಅತ್ತಿ ಇಟ್ಟಾರ. ನನಗ ಹೇಳಿಲ್ಲ.”

“ಮನ್ಯಾಗ ಇರೂದ ಇಬ್ಬರ ಹೆಣಮಕ್ಕಳು, ಒಬ್ಬರದೊಬ್ಬರಿಗೆ ಗೊತ್ತಿಲ್ಲಂದ್ರ ಹೆಂಗ ತಂಗಿ?” ಅವರು ಚುಚ್ಚಬೇಕೆಂದು ಅಂದದ್ದಲ್ಲ. ಚುಚ್ಚಿತು. “ಪಗಾರದ ಲೆಕ್ಕದಾಗ ಇವತ್ತ ತಿಂಗಳ ಕಡೀ ಶುಕ್ರವಾರ ಇದ್ದಂಗ. ನಿನ್ನಂಗ ಓಡಿ ಬರಾವರು ಇನ್ನೂ ಇರ್ತಾರ. ನಾ ಯಾರಿಗೆ ಅಂತ ಕೊಡ್ಲಿ?”

ಆಗ ನನಗೆ ಇನ್ನೊಂದು ಹೆದರಿಕೆ ಹೊಕ್ಕಿತು. ಬಹುಶಃ ಏನೂ ಸಿಕ್ಕಿರಲಿಕ್ಕಿಲ್ಲ. ನೋಟು ಜಾಳಿಗೆ ದಾಟಿ ಕಲ್ಲಿಗೆ ಹೋಗಿ, ಈಗ ನನ್ನ ಕೈಗೆ ಮೆತ್ತಿದ ಹಿಟ್ಟಿನಲ್ಲಿ ಇರಬಹುದು. ಕೈ ನೋಡಿಕೊಂಡೆ. ಗೋಡೆಯ ಗಡಿಯಾರದಲ್ಲಿ ಐದೂ ಹತ್ತು. ಮನೆಗೆ ಹೋಗಿ ಕೇಳಿ ಬರಲು ಅರ್ಧ ತಾಸು. ನನ್ನ ಫೋನಿನಿಂದ ಕರೆ ಹೋಗುವುದು ನಿಂತು ನಾಲ್ಕು ದಿನವಾಗಿತ್ತು.

“ನಿಮ್ಮ ಫೋನ ಕೊಡ್ರಿ ಕಾಕಾ.”

ಕಾಕಾ ಫೋನನ್ನು ಧೋತರಕ್ಕೆ ಒರೆಸಿ, ನಮ್ಮತ್ತೆಯ ನಂಬರಿಗೆ ತಾವೇ ಹಚ್ಚಿ, ಇಬ್ಬರಿಗೂ ಕೇಳುವಂತೆ ಮಾಡಿ ಹಿಟ್ಟಿನ ತೂಕದ ತಟ್ಟೆಯ ಮೇಲೆ ಇಟ್ಟರು. ಎತ್ತಿದ್ದು ಚಾಚಿ.

“ಬೇಟಿ? ನಾಲ್ಕ ಹಿಡಿಸೇನಿ. ಇನ್ನ ಎರಡ ಅಂತ ತೋರಸಾಕ್ಹತ್ತೈತಿ. ನೀ ಲಗೂನ ಬಾ.”

ಚಾಚಿಯ ಮಾತಿನ ಹಿಂದೆ ಮತ್ತೊಂದು ಸಪ್ಪಳ ಇತ್ತು. ಹುಡುಗರು ತೂತಿನ ಕೀಲಿಕೈಯನ್ನು ತುಟಿಗಿಟ್ಟು ಊದಿದರೆ ಬರುತ್ತದಲ್ಲ, ಅಂಥದು. ಬರುವುದು, ನಿಲ್ಲುವುದು, ಬರುವುದು. ನಿಂತಾಗಲೆಲ್ಲ ನಾನೂ ಉಸಿರು ಹಿಡಿಯುತ್ತಿದ್ದೆ. ಕಾಕಾ ತಲೆಗೆ ಸುತ್ತಿದ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಚಾಚಿ, ಅತ್ತೀಗೆ ಕೇಳ್ರಿ, ನೋಟ ಯಾತರಾಗ ಸುತ್ತ್ಯಾರಂತ.”

“ಅಕ್ಕಾ, ಸೊಸಿ ಕೇಳಾಕ್ಹತ್ತಾಳ, ನೋಟ ಯಾತರಾಗ ಸುತ್ತೀ ಅಂತ.”

ದೂರದಿಂದ ಅತ್ತೆಯ ದನಿ ಬಂತು. “ಎಲ್ಲಾರ ಮುಂದ ಹೆಂಗ ಹೇಳ್ಲಿ ಬೇ? ಅಲ್ಲೆ ಗಿರಣ್ಯಾಗ ಮಂದಿ, ಇಲ್ಲೆ ನೀ.”

“ಹೇಳ ಅಕ್ಕಾ. ನಾ ಏನ ಕದ್ದ ಒಯ್ತೀನೇನ? ನಂದೂ ಐತಿ, ಅಕ್ಕಿ ಡಬ್ಬ್ಯಾಗ, ತಳದಾಗ. ನಮ್ಮನಿಯವರಿಗೂ ಗೊತ್ತಿಲ್ಲ. ನೋಡ, ಈಗ ನಿನಗ ಗೊತ್ತಾತು. ನೀ ಹೇಳ.”

ಫೋನಿನಲ್ಲಿ ಆ ಸಪ್ಪಳವಷ್ಟೇ. ಆಮೇಲೆ ಅತ್ತೆ ಫೋನು ತೆಗೆದುಕೊಂಡಿರಬೇಕು, ದನಿ ಹತ್ತಿರವಾಯಿತು.

“ಹುಡಿಗಿದ ದವಾಖಾನಿ ಚೀಟಿ ಐತೆಲ್ಲ, ಅದರಾಗ ಸುತ್ತೇನಿ. ನನಗೇನರ ಆದ್ರೂ, ಕೈಗೆ ಸಿಕ್ಕಾವರಿಗೆ ಇದು ಆಕಿ ಔಷಧದ ರೊಕ್ಕ ಅಂತ ತಿಳೀಲಿ ಅಂತ. ಅದರ ಮ್ಯಾಲ ಹಾಲಿನ ಪಾಕೀಟಿನ ಕಾಗದ. ಕರೀ ದಾರ. ಮೂರ ಗಂಟು.”

ಕಾಕಾ ಫೋನು ಇಟ್ಟರು. ಗೋಡೆಯ ಮಾಡದಲ್ಲಿ ಲಕ್ಷ್ಮಿಯ ಪಟ ಇತ್ತು. ಅದರ ಹಿಂದೆ ಕೈ ಹಾಕಿ ಒಂದು ಸುರುಳಿ ತೆಗೆದು ನನ್ನ ಕೈಯಲ್ಲಿಟ್ಟರು. ಹಾಲಿನ ಪಾಕೀಟು, ಕರಿ ದಾರ. ಗಂಟು ಎರಡೇ ಇದ್ದವು. ಮೂರನೆಯ ಗಂಟು ಇರಬೇಕಾದ ಕಡೆ ಸುರುಳಿಯ ತುದಿಯೇ ಇರಲಿಲ್ಲ.

“ಜಾಳಿಗೀದ ಒಂದ ಕಂಬಿ ಮುರದೈತಿ ತಂಗಿ. ಅಲ್ಲಿಂದ ತುದಿ ಒಳಗ ಹೋಗಿಬಿಟ್ಟಿತ್ತು. ನಾ ಹಿಡದ ಎಳಿಯೂದ್ರಾಗ ಕಲ್ಲ ಕಚ್ಚಿತು.”

ಬಿಚ್ಚಿದೆ. ಚೀಟಿಯ ಕೆಳಗಿನ ತುಂಡು ಹೋಗಿತ್ತು. ನೋಟಿನ ಒಂದು ಮೂಲೆ ಇಲಿ ಕಡಿದ ಹಾಗೆ, ಅಂಕಿಯ ಹತ್ತಿರದವರೆಗೂ ಇರಲಿಲ್ಲ.

“ಇದು ನಡೀತೈತೇನ್ರಿ?”

“ಬ್ಯಾಂಕಿನ್ಯಾಗ ನಡೀತೈತಿ. ಈ ಹೊತ್ತಿನ್ಯಾಗ ಅಂಗಡಿಯಾಂವ ತಗೋತಾನಂತ ನಾ ಹೆಂಗ ಹೇಳ್ಲಿ?”

ಲಕ್ಷ್ಮಿಯ ಪಟದ ಮುಂದೆ ಕಾಕಾ ಆಗಲೇ ದೀಪ ಹಚ್ಚಿದ್ದರು. ಚಳಿಗಾಲದ ಹೊತ್ತು, ಗಿರಣಿಯೊಳಗೆ ಬೇಗ ಕತ್ತಲೆ. ನಾನು ಆ ದೀಪ ನೋಡಿದೆ, ಕಾಕಾನೂ ನೋಡಿದರು. ನಮ್ಮ ಕಡೆ ಶುಕ್ರವಾರ ದೀಪ ಹಚ್ಚಿದ ಮೇಲೆ ರೊಕ್ಕ ಹೊರಗೆ ಕೊಡುವುದಿಲ್ಲ. ಪಗಾರದ ಹಿಂದುಮುಂದಿನ ಶುಕ್ರವಾರಗಳಲ್ಲಿ ಆ ಮಾತಿನ ಮರೆಯಲ್ಲಿ ಎಷ್ಟೋ ಮನೆಗಳು ಮರ್ಯಾದೆ ಉಳಿಸಿಕೊಳ್ಳುತ್ತವೆ. “ದೀಪ ಹಚ್ಚೇವ್ರಿ” ಅಂದರೆ ಸಾಕು, ಕೇಳಲು ಬಂದವರು “ಹೌದಲ್ರಿ, ಮರತಿದ್ದೆ” ಎಂ‌ದು ತಿರುಗುತ್ತಾರೆ. ಇಲ್ಲ ಅಂದ ಹಾಗೂ ಆಗುವುದಿಲ್ಲ, ಕೊಟ್ಟ ಹಾಗೂ ಆಗುವುದಿಲ್ಲ. ಹಿಂದಿನ ಶುಕ್ರವಾರ ಚಾಚಿ ಎಣ್ಣೆಗೆಂದು ಐವತ್ತು ರೂಪಾಯಿ ಕೇಳಿ ಬಂದಿದ್ದರು. ಆಗ ನನ್ನಲ್ಲಿ ಇನ್ನೂರಿತ್ತು. ನಾನು ಅಂದದ್ದೂ ಅದನ್ನೇ. ಅದೇ ಚಾಚಿ ಈಗ ನನ್ನ ಮಗಳ ಬೆನ್ನು ನೀವುತ್ತ ಕೂತಿದ್ದರು.

ಕಾಕಾ ಹಾಗೆಂದರೆ ಸುಮ್ಮನೆ ತಿರುಗಬೇಕಾದ ಸರದಿ ನನ್ನದಾಗಿತ್ತು. ಅವರು ಹಿಟ್ಟಿನ ಮೀಸೆಯನ್ನು ಒಮ್ಮೆ ಒರೆಸಿಕೊಂಡರು. ಗಲ್ಲಾ ಪೆಟ್ಟಿಗೆಯ ಮುಚ್ಚಳ ತೆಗೆದರು.

“ನೀ ಮೊದಲ ಆ ನೋಟ ಇದರಾಗ ಹಾಕು.”

ಹಾಕಿದೆ.

“ಲಕ್ಷ್ಮಿ ಒಳಗ ಬಂದ್ಲು. ಇನ್ನ ನಾ ತಗದ್ರ ಹೋದಂಗಲ್ಲ, ಬದಲ ಆದಂಗ.” ಯಾರಿಗೆ ಹೇಳಿದರೋ, ನನಗೋ ಪಟಕ್ಕೋ. ಪೆಟ್ಟಿಗೆಯನ್ನು ಬೋರಲು ಹಾಕಿದರು. ಹತ್ತರ ನೋಟು, ಇಪ್ಪತ್ತರ ನೋಟು, ಚಿಲ್ಲರೆ. ಎಣಿಸಿದರು. “ಮುನ್ನೂರಾ ನಾಲ್ವತ್ತ ಐತಿ ನೋಡ. ಬೀಸಿದ್ದಕ್ಕೂ ಎಲ್ಲಾರೂ ‘ಪಗಾರ ಆದಮ್ಯಾಲ’ ಅಂತ ಹೊಕ್ಕಾರ. ಉಳಿದದ್ದ ಆಮ್ಯಾಲ ಕೊಡ್ತೀನಿ. ಸಾಲತೈತೇನ?”

ಮುನ್ನೂರಾ ನಾಲ್ವತ್ತು, ನನ್ನ ಎಪ್ಪತ್ತು. ಸಾಲುತ್ತಿತ್ತು. ಆ ಹಿಟ್ಟು ಹತ್ತಿದ ನೋಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಬಂದಾಗ, ಚಾಚಿ ನನ್ನ ಮಗಳನ್ನು ಶಾಲಿನಲ್ಲಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ನಿಲ್ದಾಣದ ಕಡೆಗೇ ಬರುತ್ತಿದ್ದರು. ಹಿಂದೆ ಬಹಳ ದೂರದಲ್ಲಿ ನಮ್ಮತ್ತೆ, ಕಾಲು ಎಳೆಯುತ್ತ, ಪಂಪನ್ನು ನಂದಾದೀಪ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು.

ಆರರ ಬಸ್ಸು ಆರಕ್ಕೆ ಬರಲಿಲ್ಲ. ಆರೂ ಐದು, ಆರೂ ಹತ್ತು. ರಸ್ತೆಯ ತಿರುವಿನಲ್ಲಿ ಬೆಳಕು ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಅದು ಟ್ರ್ಯಾಕ್ಟರೋ ಬೈಕೋ ಆಗಿರುತ್ತಿತ್ತು. ನನ್ನ ಮಗಳ ಕೊರಳಿನ ಕುಳಿ ಪ್ರತಿ ಉಸಿರಿಗೂ ಒಳಗೆ ಹೋಗಿ ಬರುತ್ತಿತ್ತು. ಅತ್ತೆ ಅದನ್ನು ನೋಡಲಾರದೆ ರಸ್ತೆ ನೋಡುತ್ತಿದ್ದರು, ರಸ್ತೆ ನೋಡಲಾರದೆ ಅದನ್ನು ನೋಡುತ್ತಿದ್ದರು. ಬಸ್ಸು ಬಂದದ್ದು ಆರೂಕಾಲಿಗೆ. ಹತ್ತುವಾಗ ಅವರು ಪಂಪು ನನ್ನ ಕೈಗೆ ಕೊಟ್ಟು, “ನಾ ಹೇಳಬೇಕಾಗಿತ್ತು ಬೇ” ಎಂದರು. ನಾನೂ ಏನೋ ಹೇಳಬೇಕಾಗಿತ್ತು, ಬಸ್ಸು ಹೊರಟಿತು.

ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತ ಹುಡುಗಿಯ ಮುಖ ನೋಡಿ, “ಕಿಡಕಿ ಮುಚ್ರಿ, ಧೂಳ ಬರತೈತಿ” ಎಂದು ತಾವೇ ಬಗ್ಗಿ ಎಳೆದರು. ರಸ್ತೆಯ ಅರ್ಧಕ್ಕೆ ಕಾಳು ಹರಡಿದ್ದರಿಂದ ಬಸ್ಸು ಮೆಲ್ಲಗೆ ಹೋಗುತ್ತಿತ್ತು. ದಾರಿಯಲ್ಲಿ ಒಂದು ಸಲ ಹಿಡಿಸಿದೆ. ಕಿಂಡಿಯಲ್ಲಿ ಒಂದು ಎಂದು ಬಂತು. ಆ ಒಂದನ್ನು ಒತ್ತಲು ನನಗೆ ಧೈರ್ಯವಾಗಲಿಲ್ಲ. ಒತ್ತದೆ ಇರಲೂ ಧೈರ್ಯವಿರಲಿಲ್ಲ. ಹೆಬ್ಬೆರಳನ್ನು ಅದರ ಮೇಲಿಟ್ಟುಕೊಂಡೇ ಕೂತಿದ್ದೆ, ಇಳಿದಾಗ ಬೆರಳು ಜೋಮು ಹಿಡಿದಿತ್ತು.

ಔಷಧದ ಅಂಗಡಿಯವನು ಅರ್ಧ ಚೀಟಿ ನೋಡಿ, “ಉಳಿದದ್ದ ಎಲ್ಲೈತ್ರಿ?” ಎಂದ.

“ಗಿರಣಿ ತಿಂತು” ಎಂದೆ. ಅವನು ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿ, ಪಂಪು ನೋಡಿ, ಒಳಗಿನಿಂದ ಹೊಸದನ್ನೂ ಗುಳಿಗೆಯನ್ನೂ ತಂದ. ಸೀಲು ಒಡೆಯದ ಡಬ್ಬಿ, ಕಿಂಡಿಯಲ್ಲಿ ಮೂರು ಅಂಕಿಯ ಲೆಕ್ಕ. ನಾನು ಕೊಟ್ಟ ನೋಟುಗಳನ್ನು ಅವನು ಒಂದೊಂದಾಗಿ ಊದಿ ಊದಿ ಎಣಿಸಿದ. ಗಾಜಿನ ಮೇಲೆ ಹಿಟ್ಟು ಬಿತ್ತು.

ಅಂಗಡಿಯ ಮುಂದಿನ ಬೆಂಚಿನ ಮೇಲೆ ಮಗಳನ್ನು ತೊಡೆಗೆ ಆನಿಸಿಕೊಂಡು ನಾಲ್ಕು ಸಲ ಹಿಡಿಸಿದೆ. ಇದಕ್ಕೆ ಕೇಳದಿದ್ದರೆ ದವಾಖಾನೆಗೆ ಓಡುವುದೆಂದು ಬೆಂಚಿನ ತುದಿಯಲ್ಲೇ ಕೂತಿದ್ದೆ. ನನ್ನ ಅಂಗೈ ಅವಳ ಬೆನ್ನ ಮೇಲಿತ್ತು. ಒಳಗಿನ ಸಪ್ಪಳ ಕೈಗೆ ತಾಗುತ್ತಿತ್ತು. ಎಷ್ಟು ಹೊತ್ತೋ. ಎದುರಿನ ಇಸ್ತ್ರಿ ಅಂಗಡಿಯವನು ಎರಡು ಅಂಗಿ ಮುಗಿಸಿ ಮೂರನೆಯದಕ್ಕೆ ಕೈ ಹಾಕುವಾಗ ಆ ಸಪ್ಪಳ ಸಣ್ಣದಾಯಿತು. ಐದನೆಯದಕ್ಕೆ ಬಂದಾಗ ನಿಂತಿತು.

“ಅವ್ವಾ, ತಿನ್ನಾಕ ಏನೈತಿ?” ಎಂದಳು.

ಇಪ್ಪತ್ತು ರೂಪಾಯಿ ಉಳಿದಿತ್ತು. ಐದರ ಬಿಸ್ಕೀಟು ಕೊಡಿಸಿದೆ. ಏಳೂವರೆಗೆ ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಅದರಲ್ಲಿ ಎರಡನ್ನು ಅಜ್ಜಿಗೆಂದು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆಹೋದಳು.

ಮರುದಿನ ಗಿರಣಿಯಿಂದ ಹಿಟ್ಟು ತಂದು ಜರಡಿ ಹಿಡಿಯುವಾಗ ಕರಿ ದಾರದ ಒಂದು ತುಣುಕು ಸಿಕ್ಕಿತು. ಅತ್ತೆಗೆ ತೋರಿಸದೆ ಒಲೆಗೆ ಹಾಕಿದೆ. ಪಗಾರ ಭಾನುವಾರ ಬರಲಿಲ್ಲ, ಸೋಮವಾರ ಮಧ್ಯಾಹ್ನ ಬಂತು. ಅಂದು ನಾನು ಮಾಡಿದ ಮೊದಲ ಕೆಲಸ ಚಾಚಿಯ ಮನೆಗೆ ಒಂದು ಲೀಟರು ಎಣ್ಣೆ ಒಯ್ದು ಇಟ್ಟು ಬಂದದ್ದು. ಅವರು ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

ಮಂಗಳವಾರ ಸಂತೆಯ ದಿನ ಗಿರಣಿ ಕಾಕಾ ತಾಲೂಕಿಗೆ ಹೋಗಿ ನೋಟು ಬದಲಿಸಿಕೊಂಡು, ಬುಧವಾರ ಮುಂಜಾನೆ ನಮ್ಮ ಬಾಗಿಲಿಗೆ ಬಂದರು. ಬ್ಯಾಂಕಿನವರು ತುಸು ಗೊಣಗಿ ಪೂರಾ ಕೊಟ್ಟರಂತೆ. ಉಳಿದ ನೂರಾ ಅರವತ್ತು ರೂಪಾಯಿಯನ್ನು ಅತ್ತೆಯ ಕೈಯಲ್ಲಿಟ್ಟು, ಚಹಾ ಕುಡಿದು, “ಜಾಳಿಗಿ ಕಂಬಿ ಬೆಸಿಗಿ ಹಾಕಿಸೇನಿ” ಎಂದು ಹೇಳಿ ಹೋದರು.

ಅತ್ತೆ ಆ ರೊಕ್ಕವನ್ನೂ ಪಗಾರದಿಂದ ತೆಗೆದಿಟ್ಟ ಐದುನೂರರ ನೋಟನ್ನೂ ನನ್ನ ಮುಂದೆ ಇಟ್ಟರು. “ಈ ಸಲ ನೀ ಸುತ್ತ” ಎಂದರು. ನಾನು ಅರ್ಧ ಉಳಿದಿದ್ದ ಚೀಟಿಯಲ್ಲಿ ಸುತ್ತಿ, ಮೇಲೆ ಹಾಲಿನ ಪಾಕೀಟು ಮಡಿಸಿ, ಕರಿ ದಾರ ಕಟ್ಟಿದೆ. ಮೂರನೆಯ ಗಂಟಿಗೆ ಅವರು ಬೆರಳು ಕೊಟ್ಟರು. ಮೂಲೆಯಲ್ಲಿದ್ದ ಡಬ್ಬಿ ತಂದು ಅವರ ಎದುರಿಗೇ ಅದನ್ನು ಒಳಗಿಟ್ಟೆ. ಅವರು ಅದರ ಮೇಲೆ ಎರಡು ಬೊಗಸೆ ಜೋಳ ಸುರಿದು ಮುಚ್ಚಳ ಹಾಕಿದರು.